ಮುದ್ರಿಸಲು ಒಂದು ತಾಸು, ಉಳಿಸಲು ಹತ್ತು ತಾಸು: ಕಲಬುರಗಿ ಸೀಮೆಯ ಹಿರಿಯರ ಮಾತು ವಸ್ತುಸಂಗ್ರಹಾಲಯ ಸೇರುವ ಬಗೆ

ಒಂದು ತಾಸಿನ ಮಾತನ್ನು ಧ್ವನಿಯಲ್ಲಿ ಮುದ್ರಿಸಿಕೊಳ್ಳಲು ಒಂದು ತಾಸು ಸಾಕು. ಅದನ್ನು ಅಕ್ಷರಕ್ಕೆ ಇಳಿಸಲು ಕೈ ಪಳಗಿದವರಿಗೂ ಆರರಿಂದ ಎಂಟು ತಾಸು ಹಿಡಿಯುತ್ತದೆ. ಮಾತು ಕಲಬುರಗಿ ಸೀಮೆಯದಾಗಿದ್ದು, ನಡುನಡುವೆ ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಹಾಯ್ದು ಹೋದರೆ ಇನ್ನೂ ಹೆಚ್ಚು. ಬರೆದದ್ದನ್ನು ಇನ್ನೊಬ್ಬರು ಕೇಳಿ ತಿದ್ದಲು ಮತ್ತೆ ಎರಡು ತಾಸು. ಮೌಖಿಕ ಇತಿಹಾಸದ ಕೆಲಸಕ್ಕೆ ಕೈ ಹಾಕುವ ವಸ್ತುಸಂಗ್ರಹಾಲಯ ಮೈಕು, ಕ್ಯಾಮೆರಾ ಕೊಳ್ಳುವ ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು. ಹಾಕದಿದ್ದರೆ ಮೊದಲ ಮೂರು ತಿಂಗಳು ಹುರುಪಿನಿಂದ ಊರೂರು ತಿರುಗಿ ನಲವತ್ತು ಮುದ್ರಣ ಆಗುತ್ತವೆ. ಆಮೇಲೆ ಅವು ‘ವಾಯ್ಸ್ 001’, ‘ವಾಯ್ಸ್ 002’ ಎಂಬ ಹೆಸರಲ್ಲಿ ಒಂದು ಹಾರ್ಡ್ ಡಿಸ್ಕಿನಲ್ಲಿ ಕೂರುತ್ತವೆ. ಯಾವುದರಲ್ಲಿ ಯಾರ ಮಾತಿದೆ, ಎಷ್ಟನೇ ನಿಮಿಷಕ್ಕೆ ಏನಿದೆ ಎಂದು ಹೇಳುವವರು ಇಲ್ಲದಿದ್ದರೆ ಆ ಮಾತು ಇದ್ದೂ ಇಲ್ಲದಂತೆ.

ಅವಸರಕ್ಕೆ ಕಾರಣವೂ ಇದೆ. ಕಲಬುರಗಿ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದು, ನಿಜಾಮರು ಶರಣಾದದ್ದು 1948ರ ಸೆಪ್ಟೆಂಬರ್ 17ರಂದು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ನಿಜಾಮರ ಪರವಾಗಿದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿ, ಅದರ ಬೆನ್ನಿಗೆ ಬಂದ ಗಲಭೆ, ಗುಳೆ ಹೋದ ಮನೆಗಳು, ಉರ್ದು ಮಾಧ್ಯಮದ ಶಾಲೆ, ಜಾಗೀರಿನ ಕಂದಾಯ ಇವನ್ನು ಕಣ್ಣಾರೆ ಕಂಡು ಹೇಳಬಲ್ಲ ಮುತ್ಯಾಗಳು (ಅಜ್ಜಂದಿರು), ಆಯಿಗಳು (ಅಜ್ಜಿಯರು) ಪ್ರತಿ ಬೇಸಿಗೆಗೂ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಯಾವ ಕೆಲಸ ಈ ವರ್ಷವೇ ಆಗಬೇಕು, ಯಾವುದು ಹತ್ತು ವರ್ಷ ಕಾಯಬಲ್ಲದು ಎಂದು ಬೇರ್ಪಡಿಸಿಕೊಳ್ಳಬೇಕು. ಮುದ್ರಣ ಮತ್ತು ಸೂಚಿ ಈ ವರ್ಷವೇ ಆಗಬೇಕು. ಪೂರ್ಣ ಬರಹ ಕಾಯಬಲ್ಲದು.

ಸೂಚಿ ಎಂದರೇನು

ಪುಸ್ತಕದ ಕೊನೆಗೆ ಪದಸೂಚಿ ಇರುವಂತೆ ಧ್ವನಿಗೂ ಒಂದು ಸೂಚಿ ಬೇಕು. ಕೇಳುತ್ತ ಹೋಗಿ, ವಿಷಯ ಬದಲಾದಲ್ಲೆಲ್ಲ ಸಮಯ ಬರೆದು, ಆ ತುಂಡಿಗೆ ಒಂದು ತಲೆಬರಹ, ಎರಡು ಸಾಲಿನ ಸಾರ, ಐದಾರು ಹುಡುಕುಪದ, ಊರಿನ ಹೆಸರು, ಭಾಷೆ ಇಷ್ಟು ತುಂಬುವುದು. ಮೂರರಿಂದ ಐದು ನಿಮಿಷಕ್ಕೊಂದು ತುಂಡು ಬೀಳುತ್ತದೆ. ಒಂದು ತಾಸಿನ ಧ್ವನಿಗೆ ಎರಡು ತಾಸಿನಲ್ಲಿ ಸೂಚಿ ಮುಗಿಯುತ್ತದೆ.

ವಾರಕ್ಕೆ ಎರಡೆರಡು ತಾಸು ಕೊಡುವ ಐವರು ಸ್ವಯಂಸೇವಕರು ಇದ್ದಾರೆ ಎನ್ನೋಣ. ಕೈಯಲ್ಲಿರುವುದು ವಾರಕ್ಕೆ ಹತ್ತು ತಾಸು. ಪೂರ್ಣ ಬರಹದ ದಾರಿ ಹಿಡಿದರೆ ವಾರಕ್ಕೆ ಒಂದು ತಾಸಿನ ಧ್ವನಿ ಮುಗಿದರೆ ಹೆಚ್ಚು. ಸೂಚಿಯ ದಾರಿ ಹಿಡಿದರೆ ಎಪ್ಪತ್ತೈದು ನಿಮಿಷದ ಎರಡು ಸಂದರ್ಶನಗಳ ಸೂಚಿ ಐದು ತಾಸಿನಲ್ಲಿ ಆಗಿ, ಇನ್ನೈದು ತಾಸು ಹಳೆಯ ಬಾಕಿಗೆ, ಆಯ್ದ ತುಂಡುಗಳನ್ನು ಅಕ್ಷರಕ್ಕೆ ಇಳಿಸಲು ಉಳಿಯುತ್ತದೆ. ವಾರಕ್ಕೆ ಎಷ್ಟು ಸೂಚಿ ಮಾಡಬಲ್ಲೆವೋ ಅಷ್ಟೇ ಮುದ್ರಿಸುವುದು ಎಂದು ನಿಯಮ ಹಾಕಿಕೊಂಡರೆ ಬಾಕಿ ಬೆಳೆಯುವುದಿಲ್ಲ. ತೀರ ವಯಸ್ಸಾದವರು, ಕಾಯಿಲೆ ಇರುವವರು ಮಾತ್ರ ಈ ನಿಯಮಕ್ಕೆ ಹೊರತು.

ಸೂಚಿಯ ಒಂದು ತುಂಡು ಹೇಗಿರಬೇಕು ಎನ್ನಲು ಬೀದರಿನ ಬಿದರಿ ಕೆಲಸದ ಮಾದರಿ ನೋಡಿ. ಸಮಯ: 14 ನಿಮಿಷ 20 ಸೆಕೆಂಡ್. ತಲೆಬರಹ: ಪಾತ್ರೆಗೆ ಕಪ್ಪು ಹತ್ತಿಸುವುದು. ಸಾರ: ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಪಾತ್ರೆ ಅದ್ದುತ್ತಾರೆ, ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಯ ತಂತಿ ಬೆಳ್ಳಗೇ ಉಳಿಯುತ್ತದೆ, ಮಣ್ಣು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವ ರೂಢಿ. ಹುಡುಕುಪದ: ಬಿದರಿ, ಸತು, ನವಸಾಗರ, ಕೋಟೆಯ ಮಣ್ಣು, ಮೈಲುತುತ್ತ. ಸ್ಥಳ: ಬೀದರ. ಭಾಷೆ: ದಖನಿ, ಕನ್ನಡ. ಇಷ್ಟಿದ್ದರೆ ಇಪ್ಪತ್ತು ವರ್ಷದ ಮೇಲೆ ನವಸಾಗರದ ಬಗ್ಗೆ ಹುಡುಕುವ ವಿದ್ಯಾರ್ಥಿ ನೇರವಾಗಿ ಆ ನಿಮಿಷಕ್ಕೇ ಹೋಗಿ ಕೇಳುತ್ತಾನೆ. ‘ಬಿದರಿ ಕಲೆಯ ಬಗ್ಗೆ ಮಾತು’ ಎಂದಷ್ಟೇ ಬರೆದಿದ್ದರೆ ಅವನು ಎಪ್ಪತ್ತೈದು ನಿಮಿಷವನ್ನೂ ಕೇಳಬೇಕು, ಬಹಳ ಮಂದಿ ಕೇಳುವುದಿಲ್ಲ.

ಶುರುವಿಗೆ ಸಾದಾ ಸ್ಪ್ರೆಡ್‌ಶೀಟ್ ಸಾಕು. ಮುದ್ರಣಗಳು ಮೂವತ್ತು ನಲವತ್ತು ದಾಟಿದ ಮೇಲೆ ಓಹೆಚ್‌ಎಂಎಸ್ ಎಂಬ ಉಚಿತ ತಂತ್ರಾಂಶಕ್ಕೆ ಹೋಗಬಹುದು. ಅಮೆರಿಕದ ಕೆಂಟುಕಿ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ಕೇಂದ್ರ ಇದೇ ಕೆಲಸಕ್ಕೆಂದು ರೂಪಿಸಿದ್ದು ಅದು. ಸೂಚಿಯ ಸಾಲು ಒತ್ತಿದರೆ ಧ್ವನಿ ಅಲ್ಲಿಂದಲೇ ಶುರುವಾಗುತ್ತದೆ. ಸ್ಪ್ರೆಡ್‌ಶೀಟಿನ ಅಂಕಣಗಳನ್ನು ಮೊದಲಿನಿಂದಲೂ ಅದಕ್ಕೆ ಹೊಂದುವಂತೆ ಇಟ್ಟುಕೊಂಡರೆ ಆಮೇಲೆ ಎರಡನೇ ಸಲ ಕೆಲಸ ಮಾಡುವುದು ತಪ್ಪುತ್ತದೆ.

ಹುಡುಕುಪದಕ್ಕೆ ಒಂದೇ ರೂಪ ಗೊತ್ತು ಮಾಡಿಕೊಳ್ಳದಿದ್ದರೆ ಸೂಚಿ ಇದ್ದೂ ಕೆಲಸಕ್ಕೆ ಬಾರದು. ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ, ಸುರಪುರ, ಶೋರಾಪುರ, ಯಾದಗಿರಿ, ಯಾದಗೀರ. ಐವರು ಐದು ಬಗೆಯಲ್ಲಿ ಬರೆದರೆ ಹುಡುಕಿದಾಗ ಐದರಲ್ಲಿ ಒಂದು ಸಿಗುತ್ತದೆ. ಊರು, ಬೆಳೆ, ಕಸುಬು, ಹಬ್ಬಗಳ ಒಂದು ಪಟ್ಟಿ ಮಾಡಿ, ಸೂಚಿಯಲ್ಲಿ ಅದೇ ರೂಪ ಬಳಸಬೇಕು. ಬರಹದಲ್ಲಿ ಮಾತ್ರ ಹೇಳಿದವರ ಮಾತು ಹೇಳಿದಂತೆಯೇ ಇರಲಿ. ಆಯಿ ‘ಜ್ವಾಳ’ ಅಂದರೆ ಬರಹದಲ್ಲಿ ಜ್ವಾಳ, ಸೂಚಿಯಲ್ಲಿ ಜೋಳ. ‘ಯಾಕಂದ್ರ ಅವಾಗ ಹಂಗ ಇತ್ತ್ರಿ’ ಎಂಬುದನ್ನು ‘ಏಕೆಂದರೆ ಆಗ ಹಾಗಿತ್ತು’ ಎಂದು ತಿದ್ದಿದರೆ ಮಾತಾಡಿದವರನ್ನೇ ಅಳಿಸಿದಂತೆ.

ಕೆಲಸವನ್ನು ತುಂಡು ಮಾಡಿ ಹಂಚುವುದು

ಸ್ವಯಂಸೇವಕರೆಲ್ಲ ಸಂದರ್ಶನ ಮಾಡಲೆಂದೇ ಬರುತ್ತಾರೆ. ಕೆಲಸದ ಬಹುಪಾಲು ಇರುವುದು ಅದಾದ ಮೇಲೆ. ಇದನ್ನು ಮೊದಲ ದಿನವೇ ಹೇಳಿ. ನಿವೃತ್ತ ಶಿಕ್ಷಕರು ಊರ ಹೆಸರು, ಹಳೆಯ ಪದ ತಿದ್ದುವುದರಲ್ಲಿ ಎತ್ತಿದ ಕೈ. ಕಾಲೇಜು ಹುಡುಗ ಹುಡುಗಿಯರಿಗೆ ಫೋನು, ಕಡತ, ಟೈಪಿಂಗ್ ಸಲೀಸು. ತಾಂಡಾದಿಂದ ಬರುವ ವಿದ್ಯಾರ್ಥಿಯೊಬ್ಬರು ಸಿಕ್ಕರೆ ಲಂಬಾಣಿ ಮಾತಿನ ಮುದ್ರಣಗಳಿಗೆ ಬಾಗಿಲು ತೆರೆದಂತೆ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಊರೂರಿನ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಇರುವುದರಿಂದ ಕೈಗಳಿಗೆ ಬರವಿಲ್ಲ. ಪರೀಕ್ಷೆ ಬಂದಾಗ ಕೈಗಳೆಲ್ಲ ಒಟ್ಟಿಗೆ ಮಾಯವಾಗುತ್ತವೆ, ಅದೇ ತೊಂದರೆ.

ಹಾಗಾಗಿ ಯಾರು ಯಾವಾಗ ಬಿಟ್ಟರೂ ಕೆಲಸ ನಿಲ್ಲದಂತೆ ಅದನ್ನು ಸಣ್ಣದು ಮಾಡಿ ಕೊಡಬೇಕು. ಇಡೀ ಸಂದರ್ಶನ ಒಬ್ಬರಿಗೆ ಹೊರಿಸಿದರೆ ಅರ್ಧಕ್ಕೆ ನಿಂತು, ಎಲ್ಲಿಗೆ ನಿಂತಿತೆಂದು ಯಾರಿಗೂ ತಿಳಿಯದು. ಹತ್ತು ನಿಮಿಷದ ತುಂಡು ಕೊಡಿ. ಹಂಚಿಕೊಂಡ ಒಂದೇ ಹಾಳೆಯಲ್ಲಿ ತುಂಡಿನ ಸಂಖ್ಯೆ, ತೆಗೆದುಕೊಂಡವರು, ತೆಗೆದುಕೊಂಡ ದಿನ, ಮುಗಿದ ದಿನ, ತಿದ್ದಿದವರು ಎಂದು ಐದು ಅಂಕಣ. ಹತ್ತು ದಿನದಲ್ಲಿ ಮುಗಿಯದ ತುಂಡು ತಾನಾಗಿ ಇನ್ನೊಬ್ಬರಿಗೆ ಹೋಗುತ್ತದೆ ಎಂಬ ಒಪ್ಪಂದ ಮೊದಲೇ ಇದ್ದರೆ ಯಾರನ್ನೂ ಕೇಳಿ ನೋಯಿಸುವ ಸಂದರ್ಭ ಬರದು. ಬರೆದವರೇ ತಿದ್ದಬಾರದು. ತಪ್ಪು ಕೇಳಿಸಿಕೊಂಡ ಕಿವಿ ಎರಡನೇ ಸಲವೂ ಅದನ್ನೇ ಕೇಳಿಸಿಕೊಳ್ಳುತ್ತದೆ.

ದೇಶವಿಭಜನೆಯ ನೆನಪುಗಳನ್ನು ಕೂಡಿಸುವ 1947 ಪಾರ್ಟಿಷನ್ ಆರ್ಕೈವ್ ಸಾವಿರಾರು ಜನರ ಮಾತು ಕಲೆಹಾಕಿದ್ದು ಬಹುಮಟ್ಟಿಗೆ ಸ್ವಯಂಸೇವಕರಿಂದಲೇ. ಅವರಿಗೆ ಮೊದಲು ಆನ್‌ಲೈನ್ ತರಬೇತಿ, ಆಮೇಲೆ ಸಂದರ್ಶನ. ಜಿಲ್ಲಾ ಮಟ್ಟದಲ್ಲೂ ಇದು ಆಗುವ ಮಾತು: ಎರಡು ತಾಸಿನ ಪಾಠ, ಸ್ವಂತ ಮನೆಯ ಹಿರಿಯರ ಹದಿನೈದು ನಿಮಿಷದ ಮಾತಿನ ಮುದ್ರಣ, ಅದಕ್ಕೆ ತಾವೇ ಮಾಡಿದ ಸೂಚಿ. ಈ ಮೂರೂ ಆದವರನ್ನು ಮಾತ್ರ ಊರಿಗೆ ಕಳಿಸಿ.

ಫರ್ಸಿ, ಫ್ಯಾನು ಮತ್ತು ಗುಮ್ಮಟ

ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದ ಶಿಲ್ಪಗಳು ಇರುವುದು ಬಹಮನಿ ಕಾಲದ ಗುಮ್ಮಟಗಳಲ್ಲಿ. ನೋಡಲು ಅಂಥ ಜಾಗ ಇನ್ನೊಂದಿಲ್ಲ. ಆದರೆ ಗುಮ್ಮಟದ ಕೆಳಗೆ ಕೂತು ಆಡಿದ ಮಾತು ಮೇಲೆ ಹೋಗಿ ಕೂಡಿ ಹಿಂದಿರುಗುತ್ತದೆ. ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ಮನುಷ್ಯರ ಕಿವಿ ಹೇಗೋ ಬಿಡಿಸಿಕೊಳ್ಳುತ್ತದೆ, ಮಾತು ಕೇಳಿ ಬರೆಯುವ ಯಂತ್ರಕ್ಕೆ ಆಗದು. ನಮ್ಮ ಕಡೆಯ ಮನೆಗಳದೂ ಇದೇ ಕಷ್ಟ. ನೆಲಕ್ಕೆ ಶಹಾಬಾದ್ ಫರ್ಸಿ ಹಾಸುಗಲ್ಲು, ಗೋಡೆಗೆ ಕಲ್ಲು, ಎಲ್ಲವೂ ಧ್ವನಿಯನ್ನು ತಿರುಗಿ ಎಸೆಯುತ್ತವೆ. ಮದ್ದು ಮನೆಯಲ್ಲೇ ಇದೆ: ನೆಲಕ್ಕೆ ಕಂಬಳಿ ಹಾಸಿ, ಮಾತಾಡುವವರ ಎದುರಿನ ಗೋಡೆಗೆ ಒಂದು ದಪ್ಪ ಕೌದಿ ಇಳಿಬಿಡಿ. ಹಾಸಿಗೆಗಳ ಒಟ್ಟಿಲು ಇರುವ ಸಣ್ಣ ಕೋಣೆ ಸಿಕ್ಕರೆ ಬೇರೇನೂ ಬೇಡ.

ಫ್ಯಾನು ಬಂದ್ ಮಾಡಲೇಬೇಕು. ಮೇ ತಿಂಗಳಲ್ಲಿ ಎಂಬತ್ತೈದರ ಮುತ್ಯಾನನ್ನು ಫ್ಯಾನಿಲ್ಲದೆ ಒಂದು ತಾಸು ಕೂರಿಸುವುದು ಸಲ್ಲದು. ತೊಗರಿ ರಾಶಿ ಮುಗಿದ ಮೇಲೆ, ಜನವರಿ ಫೆಬ್ರವರಿಯಲ್ಲಿ, ಬೆಳಗಿನ ಹತ್ತರೊಳಗೆ ಮುದ್ರಣ. ಬಿಸಿಲ ತಿಂಗಳುಗಳಲ್ಲಿ ಹಳೆಯ ಬಾಕಿಯ ಸೂಚಿ ಮತ್ತು ತಿದ್ದುವಿಕೆ ಎಂದು ವರ್ಷವನ್ನು ಹೀಗೆ ಪಾಲು ಮಾಡಿಕೊಂಡರೆ ಹವಾಮಾನವೂ ಹೊಲದ ಕೆಲಸವೂ ಅಡ್ಡ ಬರುವುದಿಲ್ಲ.

ಕಾಲರಿಗೆ ಸಿಕ್ಕಿಸುವ ಮೈಕು ಗದ್ದದಿಂದ ಒಂದು ಗೇಣು ಕೆಳಗೆ ಇರಲಿ. ಸೆರಗು, ಸರ, ಹೆಗಲ ಟವೆಲ್ ಅದಕ್ಕೆ ಉಜ್ಜಿದರೆ ಬರುವ ಕರಕರ ಶಬ್ದವನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ತೆಗೆಯಲಾರದು. ಫೋನಿನಲ್ಲಿ ಮುದ್ರಿಸುವುದಾದರೆ ಧ್ವನಿಯನ್ನು ಹಿಂಡದೆ ಉಳಿಸುವ ವೇವ್ ಕಡತ ಕೊಡುವ ಆ್ಯಪ್ ಬೇಕು. 48 ಕಿಲೋಹರ್ಟ್ಸ್, 24 ಬಿಟ್, ಮೋನೊ. ಗದ್ದಲ ತಗ್ಗಿಸುವ ಸೌಲಭ್ಯ ಬಂದ್ ಮಾಡಿ, ಅದು ಮೆಲ್ಲಗೆ ಆಡಿದ ಮಾತನ್ನೂ ಗದ್ದಲವೆಂದೇ ಕತ್ತರಿಸುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ಒಂದು ಕರೆ ಬಂದರೆ ಮುದ್ರಣ ನಿಲ್ಲುತ್ತದೆ. ಮಟ್ಟದ ಮುಳ್ಳು ಜೋರು ಮಾತಿಗೆ ಮೈನಸ್ 12 ಡೆಸಿಬಲ್ ಸುತ್ತ ಆಡಬೇಕು; ಸೊನ್ನೆ ಮುಟ್ಟಿದರೆ ಧ್ವನಿ ಒಡೆಯಿತು, ಒಡೆದದ್ದು ಮರಳಿ ಕೂಡದು. ಮಾತು ಶುರುವಾಗುವ ಮುನ್ನ ಮೂವತ್ತು ಸೆಕೆಂಡ್ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನ ಮುದ್ರಿಸಿ, ಆಮೇಲೆ ದಿನಾಂಕ, ಊರು, ಹೆಸರು, ಭಾಷೆ ಹೇಳಿ. ಜೋಡಿಯಲ್ಲಿ ಒಬ್ಬರು ಕೇಳುವುದು, ಇನ್ನೊಬ್ಬರು ಹೆಡ್‌ಫೋನ್ ಹಾಕಿ ಕಾಯುವುದು. ಹೆಡ್‌ಫೋನ್ ಹಾಕದೆ ಮುದ್ರಿಸಿ, ಮನೆಗೆ ಬಂದು ಕೇಳಿದಾಗ ಏನೂ ಇಲ್ಲದಿರುವುದು ಈ ಕೆಲಸದಲ್ಲಿ ಎಲ್ಲೆಲ್ಲೂ ಆಗುವ ನಷ್ಟ.

ಕಸುಬಿನ ಮಾತಿಗೆ ವಿಡಿಯೊ ಬೇಕು. ಬಿದರಿಯ ಉಳಿ ಹಿಡಿಯುವ ಕೈ, ಬೆಳ್ಳಿ ತಂತಿ ಒತ್ತುವ ಬೆರಳು ಮಾತಿನಲ್ಲಿ ಹಿಡಿಸುವುದಿಲ್ಲ. ಸೆಕೆಂಡಿಗೆ 25 ಚೌಕಟ್ಟು, ಷಟರ್ ಐವತ್ತರಲ್ಲಿ ಒಂದು ಸೆಕೆಂಡ್ ಇಟ್ಟರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪ ಮಿನುಗುವುದಿಲ್ಲ. ಉಳಿದವರಿಗೆ ಧ್ವನಿಯೇ ಸಾಕು; ಕ್ಯಾಮೆರಾ ಕಂಡ ಕೂಡಲೇ ಮಾತು ಬಿಗಿಯುವ ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಬಹಳ.

ಕೇಳುವ ರೀತಿ

‘ರಜಾಕಾರರು ಬಂದಿದ್ರಾ?’ ಎಂದು ಕೇಳಿದರೆ ‘ಬಂದಿದ್ರು’ ಎಂಬ ಒಂದು ಪದ ಸಿಗುತ್ತದೆ. ‘ಆ ವರ್ಷ ನಿಮ್ಮ ಊರಾಗ ಏನೇನ್ ಆಯ್ತು ಹೇಳ್ರಿ ಮುತ್ಯಾ’ ಎಂದರೆ ಅರ್ಧ ತಾಸು ಸಿಗುತ್ತದೆ. ಅವರು ನಿಲ್ಲಿಸಿದಾಗ ಮನಸ್ಸಿನಲ್ಲಿ ಐದು ಎಣಿಸಿ. ಮುಖ್ಯವಾದದ್ದು ಹಲವು ಸಲ ಆ ಮೌನದ ಆಚೆ ಬರುತ್ತದೆ. ‘ಹಾಂ, ಹೌದ್ರಿ’ ಎಂದು ನಡುವೆ ಹೂಂಗುಟ್ಟದೆ ತಲೆಯಾಡಿಸಿ.

ಇಸವಿ ಕೇಳಬೇಡಿ, ಆಸುಪಾಸಿನ ಘಟನೆ ಕೇಳಿ. 1948ರ ಪೊಲೀಸ್ ಕಾರ್ಯಾಚರಣೆ, 1956ರ ನವೆಂಬರ್ 1ರ ಏಕೀಕರಣ, 1972ರ ಬರಗಾಲ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಣಪತಿ ಕಳಿಸಿ ಮಲಗಿದ್ದ ಜನರನ್ನು ಎಬ್ಬಿಸಿದ ಕಿಲ್ಲಾರಿ ಭೂಕಂಪ, 2010ರಲ್ಲಿ ಯಾದಗಿರಿ ಜಿಲ್ಲೆ ಆದದ್ದು ಇವನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಳ್ಳಿ. ‘ಬರ ಬಿದ್ದದ್ದಕ್ಕ ಮುಂಚೆನೋ ಆಮ್ಯಾಲೋ?’ ಎಂದರೆ ಉತ್ತರ ಸ್ಪಷ್ಟ ಬರುತ್ತದೆ. ಹಳೆಯ ಕಾಗದ ತೋರಿಸಿ ಫಸಲಿ ಸನ್ (ನಿಜಾಮರ ಆಡಳಿತದ ಕಂದಾಯ ವರ್ಷ) ಹೇಳಿದರೆ, ಇಸವಿ ತಿಳಿಯಲು ಅದಕ್ಕೆ ಅಕ್ಟೋಬರಿನಿಂದ ಡಿಸೆಂಬರ್ ತನಕದ ತಿಂಗಳಿಗೆ 590, ಉಳಿದ ತಿಂಗಳಿಗೆ 591 ಕೂಡಿಸಬೇಕು. 1357 ಫಸಲಿಯ ಕೊನೆಯ ಭಾಗದಲ್ಲೇ ಪೊಲೀಸ್ ಕಾರ್ಯಾಚರಣೆ ನಡೆದದ್ದು. ರೂಪಾಯಿ ಲೆಕ್ಕ ಬಂದಾಗ ‘ಹಾಲಿ ಸಿಕ್ಕಾನೋ ಕಲ್ದಾರೋ?’ ಎಂದು ಕೇಳುವುದನ್ನು ಮರೆಯಬಾರದು. ನಿಜಾಮರ ಏಳು ರೂಪಾಯಿ (ಹಾಲಿ ಸಿಕ್ಕಾ) ಬ್ರಿಟಿಷ್ ಇಂಡಿಯಾದ ಆರು ರೂಪಾಯಿಗೆ (ಕಲ್ದಾರ್) ಸುಮಾರು ಸಮ. ಹಾಗೆಯೇ ಹಿರಿಯರ ಬಾಯಲ್ಲಿ ‘ತಾಲೂಕ್ದಾರ್’ ಬಂದರೆ ತಹಶೀಲ್ದಾರ್ ಎಂದು ತಿದ್ದಬೇಡಿ. ನಿಜಾಮರ ಆಡಳಿತದಲ್ಲಿ ಅವ್ವಲ್ ತಾಲೂಕ್ದಾರ್ ಎಂದರೆ ಇಂದಿನ ಕಲೆಕ್ಟರ್.

ಯಂತ್ರ ಬರೆಯುವ ಕರಡು

ಮಾತನ್ನು ಅಕ್ಷರ ಮಾಡುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ: 2022ರಲ್ಲಿ ಬಂದ ಓಪನ್‌ಎಐನ ವಿಸ್ಪರ್, ಕೇಂದ್ರ ಸರ್ಕಾರದ ಭಾಷಿಣಿ, ಮದ್ರಾಸ್ ಐಐಟಿಯ ಎಐ4ಭಾರತ್ ಕೊಡುವ ಮಾದರಿಗಳು. ಇವು ಕಲಿತಿರುವುದು ಹೆಚ್ಚಾಗಿ ಓದುವ ಕನ್ನಡ, ವಾರ್ತೆಯ ಕನ್ನಡ. ಹಲ್ಲು ಬಿದ್ದ ಬಾಯಿಂದ ಬರುವ ಚಿಂಚೋಳಿ ಸೀಮೆಯ ಮಾತು ಅವಕ್ಕೆ ಹೊಸದು. ತಪ್ಪು ಹೆಚ್ಚು ಎಂಬುದಕ್ಕಿಂತ ಆ ತಪ್ಪಿನ ಜಾತಿ ಕಳವಳದ್ದು. ‘ಹಾಲಿ ಸಿಕ್ಕಾ’ ಎಂಬುದು ‘ಹಾಲು ಸಿಕ್ಕಾಗ’ ಎಂದು ಬಂದರೆ ವಾಕ್ಯ ನಯವಾಗಿಯೇ ಓದಿಸಿಕೊಳ್ಳುತ್ತದೆ, ಕಣ್ಣಿಗೆ ತಪ್ಪೆನಿಸುವುದೇ ಇಲ್ಲ. ಆದ್ದರಿಂದ ಯಂತ್ರದ ಬರಹವನ್ನು ಓದಿ ತಿದ್ದಬಾರದು, ಧ್ವನಿ ಕೇಳುತ್ತ ತಿದ್ದಬೇಕು.

ಇನ್ನೆರಡು ಗೊತ್ತಿದ್ದ ತೊಂದರೆಗಳಿವೆ. ಭಾಷೆ ಹೇಳದೆ ಬಿಟ್ಟರೆ ವಿಸ್ಪರ್ ಮೊದಲ ಮೂವತ್ತು ಸೆಕೆಂಡ್ ಕೇಳಿ ಭಾಷೆ ಗೊತ್ತು ಮಾಡಿಕೊಂಡು ಕಡತ ಪೂರ್ತಿ ಅದೇ ಎಂದು ನಡೆಯುತ್ತದೆ. ಸಲಾಮು, ಕುಶಲದ ಮಾತು ಉರ್ದುವಿನಲ್ಲಿ ಆಗಿ ಆಮೇಲೆ ಕನ್ನಡಕ್ಕೆ ಬಂದಿದ್ದರೆ ಇಡೀ ಬರಹ ಕೆಟ್ಟಿತು. ಸೂಚಿಯಲ್ಲಿ ಭಾಷೆಯ ಅಂಕಣ ಇರುವುದು ಇದಕ್ಕೇ. ಭಾಷೆವಾರು ತುಂಡರಿಸಿ, ಪ್ರತಿ ತುಂಡಿಗೂ ಭಾಷೆ ಹೇಳಿ ಕೊಡಿ. ಎರಡನೆಯದು, ದೀರ್ಘ ಮೌನ ಬಂದಲ್ಲಿ ಯಂತ್ರ ಆಡದ ಮಾತನ್ನು ಬರೆಯುತ್ತದೆ, ಇಲ್ಲವೇ ಒಂದೇ ವಾಕ್ಯವನ್ನು ಹತ್ತು ಸಲ ಬರೆಯುತ್ತದೆ. ಅತ್ತು ಸುಮ್ಮನಾದ ಆಯಿಯ ಹೆಸರಿನಲ್ಲಿ ಅವಳಾಡದ ಮಾತು ಸೇರುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಮೌನದ ಭಾಗ ಕತ್ತರಿಸಿ ಕೊಟ್ಟು, ಬರಹದಲ್ಲಿ ‘ಮೌನ, 40 ಸೆಕೆಂಡ್’ ಎಂದು ಕೈಯಿಂದ ಸೇರಿಸಿ.

ಲಂಬಾಣಿಗೆ ಯಂತ್ರದ ಆಸೆ ಸದ್ಯಕ್ಕೆ ಬೇಡ. ಭಾಷೆ ಬಲ್ಲವರು ಕನ್ನಡ ಲಿಪಿಯಲ್ಲಿ ಬರೆಯಲಿ, ಪಕ್ಕದಲ್ಲಿ ಕನ್ನಡದ ಸಾರ ಇರಲಿ. ಟೈಪಿಂಗ್ ಯೂನಿಕೋಡಿನಲ್ಲೇ ಆಗಬೇಕು. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಹುಡುಕಿದರೆ ಏನೂ ಸಿಗದು.

ಒಪ್ಪಿಗೆ

1948ರ ಮಾತು ತೆಗೆದರೆ ಯಾರ ಮನೆ ಯಾರು ಸುಟ್ಟರು, ಯಾರು ಯಾರನ್ನು ಬಚ್ಚಿಟ್ಟು ಕಾಪಾಡಿದರು ಎಂಬುದೂ ಬರುತ್ತದೆ. ಎರಡೂ ಕಡೆಯ ಮೊಮ್ಮಕ್ಕಳು ಇಂದಿಗೂ ಅದೇ ಓಣಿಯಲ್ಲಿದ್ದಾರೆ. ಒಪ್ಪಿಗೆ ಪತ್ರದಲ್ಲಿ ಬರಿ ‘ಒಪ್ಪಿದೆ’ ಎಂದಿದ್ದರೆ ಸಾಲದು. ಎಲ್ಲರೂ ಕೇಳಬಹುದು, ವಸ್ತುಸಂಗ್ರಹಾಲಯಕ್ಕೆ ಬಂದವರು ಮಾತ್ರ ಕೇಳಬಹುದು, ಇಂಥ ವರ್ಷದ ತನಕ ಮುಚ್ಚಿಡಬೇಕು ಎಂದು ಮೂರು ಆಯ್ಕೆ ಇರಲಿ, ತುಂಡುವಾರು ಬೇರೆ ಬೇರೆ ಆಯ್ಕೆಗೂ ಅವಕಾಶವಿರಲಿ. ಪತ್ರವನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಒಪ್ಪಿಗೆಯನ್ನು ಧ್ವನಿಯಲ್ಲೂ ಹಿಡಿಯಿರಿ. ಮಾತು ಮುಗಿದ ಮೇಲೆ ಮತ್ತೊಮ್ಮೆ ಕೇಳಿ: ಏನು ಹೇಳಿಬಿಡುತ್ತೇವೆ ಎಂಬುದು ಮೊದಲು ಒಪ್ಪುವಾಗ ಅವರಿಗೂ ಗೊತ್ತಿರುವುದಿಲ್ಲ. ಯಂತ್ರದಿಂದ ಬರೆಸಬಹುದೇ, ಈ ಧ್ವನಿಯನ್ನು ಯಂತ್ರಕ್ಕೆ ಕಲಿಸಲು ಕೊಡಬಹುದೇ ಎಂಬವು ಬೇರೆ ಬೇರೆ ಪ್ರಶ್ನೆಗಳಾಗಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ಇದೆ. ಹಿಂಪಡೆಯಲು ಯಾರಿಗೆ ಹೇಳಬೇಕೆಂದು ಪತ್ರದ ಒಂದು ಪ್ರತಿ ಅವರ ಮನೆಯಲ್ಲೇ ಬಿಟ್ಟು ಬನ್ನಿ. ಮುಚ್ಚಿಡಬೇಕಾದ ಧ್ವನಿಯನ್ನು ಅಂತರಜಾಲದ ಸೇವೆಗೆ ಏರಿಸಬೇಡಿ. ವಿಸ್ಪರ್ ಅನ್ನು ವಸ್ತುಸಂಗ್ರಹಾಲಯದ ಸ್ವಂತ ಕಂಪ್ಯೂಟರಿನಲ್ಲೇ, ಇಂಟರ್‌ನೆಟ್ ಇಲ್ಲದೆ ನಡೆಸಬಹುದು.

ಕಡತ ಕಾಯುವುದು

ಮೇಲೆ ಹೇಳಿದ ಅಳತೆಯ ವೇವ್ ಕಡತ ತಾಸಿಗೆ ಸುಮಾರು 520 ಎಂಬಿ. ಎಪ್ಪತ್ತೈದು ನಿಮಿಷದ ನೂರು ಸಂದರ್ಶನಗಳು 65 ಜಿಬಿ ಆಗುತ್ತವೆ, ಒಂದು ಟಿಬಿ ಡಿಸ್ಕಿಗೆ ಏನೇನೂ ಅಲ್ಲ. ಜಾಗ ತಿನ್ನುವುದು ವಿಡಿಯೊ, ತಾಸಿಗೆ ಸುಮಾರು 10 ಜಿಬಿ. ಮೂಲ ಕಡತವನ್ನು ಯಾರೂ ಮುಟ್ಟಬಾರದು. ಸ್ವಯಂಸೇವಕರಿಗೆ ಕೊಡುವುದು ಎಂಪಿ3 ಪ್ರತಿ, 128 ಕೆಬಿಪಿಎಸ್‌ನಲ್ಲಿ ತಾಸಿಗೆ 58 ಎಂಬಿ. ಊರಿಂದ ಮೂಲ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿಸಂದೇಶದಂತೆ ಕಳಿಸಿದರೆ ಅದು ಹಿಂಡಿ ಸಣ್ಣದಾಗಿ ಬರುತ್ತದೆ, ಹಿಂಡಿದ್ದು ಮರಳಿ ಬಾರದು. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಕಡತ ಸೇರಿದ ದಿನವೇ ಶಾ-256 ಮೊತ್ತ (ಕಡತದ ಬೆರಳಚ್ಚಿನಂಥ ಅಕ್ಷರಸರಣಿ, ಕಂಪ್ಯೂಟರೇ ಲೆಕ್ಕ ಹಾಕಿ ಕೊಡುತ್ತದೆ) ತೆಗೆದು ಹಾಳೆಯಲ್ಲಿ ಬರೆದಿಟ್ಟು, ಆರು ತಿಂಗಳಿಗೊಮ್ಮೆ ಮತ್ತೆ ತೆಗೆದು ಹೋಲಿಸಿ. ಒಂದು ಅಕ್ಷರ ಬದಲಾಗಿದ್ದರೂ ಆ ಪ್ರತಿ ಕೆಟ್ಟಿದೆ ಎಂದೇ ಅರ್ಥ, ಇನ್ನೊಂದರಿಂದ ಕೂಡಲೇ ನಕಲು ಮಾಡಿ.

ಸೂಚಿ ಮುಗಿದ ಮುದ್ರಣದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮಾತಾಡಿದವರ ಮನೆಗೆ ತಲುಪಿಸುವುದು ಎರಡನೇ ಭೇಟಿಯ ಕೆಲಸ. ಅವರು ಒಪ್ಪಿದರೆ ಊರಿನ ಕಟ್ಟೆಯ ಮೇಲೆ ಸಣ್ಣ ಸ್ಪೀಕರಿಟ್ಟು ಹತ್ತು ನಿಮಿಷ ಕೇಳಿಸಿ, ಸೂಚಿಯ ಹಾಳೆ ಕೈಯಲ್ಲಿರಲಿ. ‘ಆ ಬಾವಿ ಅವರದಲ್ಲ, ಇವರದು’, ‘ಅಂವ ದೊಡ್ಡಪ್ಪ ಅಲ್ಲ, ಸೋದರಮಾವ’ ಎಂದು ತಿದ್ದುಪಡಿಗಳು ಅಲ್ಲೇ ಬೀಳುತ್ತವೆ. ಮೊದಲಿನದನ್ನು ಅಳಿಸದೆ, ತಿದ್ದಿದವರ ಹೆಸರು, ದಿನಾಂಕ ಹಾಕಿ ಅದರ ಕೆಳಗೆ ಹೊಸ ಸಾಲು ಸೇರಿಸಿ.